ಮಧ್ಯಾಹ್ನದ ಹಾಜರಿ

ಸತ್ತವರು ಬರುತ್ತಿದ್ದುದು ಮಧ್ಯಾಹ್ನದ ಹೊತ್ತಿಗೆ. ರಾತ್ರಿ ಬಂದಿದ್ದರೆ ಮೌನೇಶ್ವರಿ ದೀಪ ಹಚ್ಚಿಟ್ಟು ಮಲಗುತ್ತಿದ್ದಳು, ಇಲ್ಲವೆ ಪಕ್ಕದ ಮನೆಯ ಮುದುಕಿಯನ್ನು ಜೊತೆಗೆ ಕರೆದುಕೊಳ್ಳುತ್ತಿದ್ದಳು. ಏನೋ ಒಂದು ಉಪಾಯವಾಗುತ್ತಿತ್ತು. ಆದರೆ ಹಾಡಹಗಲು ಬರುವವರಿಗೆ ಯಾವ ದೀಪ ಹಚ್ಚುವುದು? ಮಾನ್ವಿಯ ಬಿಸಿಲಿಗೆ ನಾಯಿಗಳೂ ಗಟಾರದ ತಂಪು ಹುಡುಕಿಕೊಂಡು ಹೋಗಿ, ಓಣಿಯ ಬಾಗಿಲುಗಳೆಲ್ಲ ಮುಚ್ಚಿಕೊಂಡ ಮೇಲೆ, ಅವಳ ಬಾಡಿಗೆ ಕೋಣೆಯ ಎದುರಿನ ಬೇವಿನ ನೆರಳಿಗೆ ಅವರು ಒಬ್ಬೊಬ್ಬರಾಗಿ ಬಂದು ಕೂರುತ್ತಿದ್ದರು. ಗದ್ದಲವಿಲ್ಲ, ಗೋಳಿಲ್ಲ. ಬ್ರಾಂಡಿ ಅಂಗಡಿ ತೆರೆಯುವ ಮೊದಲೇ ಬಂದು ಕುಕ್ಕರಗಾಲಿನಲ್ಲಿ ಕೂತು, ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆಯುತ್ತ ಕಾಯುವ ಗಂಡಸರಿರುತ್ತಾರಲ್ಲ, ಹಾಗೆ. ಇವರು ಕಾಯುತ್ತಿದ್ದುದು ಮಾತ್ರ ಅಂಗಡಿ ತೆರೆಯುವುದನ್ನಲ್ಲ, ತಮ್ಮ ಹೆಸರು ಕೂಗುವುದನ್ನು.

ಅವರಲ್ಲಿ ಮುಖ ಇದ್ದವನು ಒಬ್ಬನೇ, ಅವಳ ತಮ್ಮ ವಿನೋದ. ಉಳಿದವರ ಮುಖಗಳ ಮೇಲೆ ತಲೆವಸ್ತ್ರದ ನೆರಳು ಬಿದ್ದಿರುತ್ತಿತ್ತು. ಅವರು ಬದುಕಿದ್ದಾಗ ಅವಳು ಅವರನ್ನು ಕಂಡವಳೇ ಅಲ್ಲ. ಅವಳಿಗೆ ಗೊತ್ತಿದ್ದುದು ಅವರ ಹೆಸರು ಮತ್ತು ಊರು, ಅಷ್ಟೇ.

ಕರೆದವಳು ತಾನೇ ಎಂಬುದು ಅವಳಿಗೆ ಗೊತ್ತಿತ್ತು.

ವಿನೋದ ರಾಯಚೂರಿನಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿದ್ದವನು. ಊರಿನ ಕಿರಾಣಿ ಅಂಗಡಿಗಳಲ್ಲಿ ಬಿಸ್ಕತ್ತಿನ ಡಬ್ಬಿಯ ಹಿಂದೆ ಇಟ್ಟು ಮಾರುವ ಸಾರಾಯಿ ಪಾಕೀಟು ಅವನನ್ನು ಇಪ್ಪತ್ತಾರಕ್ಕೇ ನುಂಗಿತು. ಆಗ ಮೌನೇಶ್ವರಿ ಡಿಗ್ರಿ ಮುಗಿಸಿ ಬಾಗಲವಾಡದ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದಳು. ತಮ್ಮನ ದಿನ ಕಳೆದ ಮೇಲೆ ಉಮಾದೇವಿಯ ಮಹಿಳಾ ಸಂಘಕ್ಕೆ ಸೇರಿದಳು. ಕಿರಾಣಿ ಅಂಗಡಿಗಳಲ್ಲಿ ಕದ್ದು ಮಾರುವ ಪಾಕೀಟುಗಳನ್ನು ನಿಲ್ಲಿಸುವುದೇ ಆ ಸಂಘದ ಕೆಲಸ. ಸಭೆಗಳಲ್ಲಿ ಕೊನೆಯ ಸಾಲಿನಲ್ಲಿ ಕೂತು, ಯಾರಾದರೂ ಕೇಳಿದರೆ ಮಾತ್ರ ಮಾತಾಡಿ, ಕೇಳದಿದ್ದರೆ ಚಾಪೆ ಸುತ್ತಿಡುತ್ತಿದ್ದವಳು ಅವಳು.

ಮೊದಲ ಧರಣಿ ಸಿರವಾರದ ತಾಲೂಕು ಕಚೇರಿಯ ಮುಂದೆ. ಗಂಡ ಸತ್ತ ಹೆಂಗಸರೆಲ್ಲ ಎದ್ದುನಿಂತು ಸತ್ತವನ ಹೆಸರನ್ನು ಮೈಕಿನಲ್ಲಿ ಹೇಳಲಿ, ಅಧಿಕಾರಿಗಳಿಗೆ ಕೇಳಲಿ ಎಂದು ಉಮಾದೇವಿ ಹೇಳಿದ್ದಳು. ಒಬ್ಬಳೂ ಬಾಯಿ ಬಿಡಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹೇಳಿಸಿಕೊಂಡು ಬೆಳೆದವರು, ಆಯುಷ್ಯವೇ ಮುಗಿದುಹೋದವನ ಹೆಸರಿಗೂ ಅವರ ನಾಲಿಗೆ ಒಪ್ಪಲಿಲ್ಲ. ಸೆರಗಿನೊಳಗಿಂದ ಆಧಾರ್ ಕಾರ್ಡು ತೆಗೆದು, ಗಂಡನ ಹೆಸರಿದ್ದ ಜಾಗದ ಮೇಲೆ ಬೆರಳಿಟ್ಟು ತೋರಿಸಿದರು. ಕೊನೆಗೆ ಅವನ್ನು ಓದುವ ಕೆಲಸ ಮೌನೇಶ್ವರಿಯ ಪಾಲಿಗೆ ಬಂತು. ಅವಳಿಗೆ ಮದುವೆಯಾಗಿರಲಿಲ್ಲ, ಅವರಲ್ಲಿ ಯಾರೂ ಅವಳ ಗಂಡನಲ್ಲ, ಅವಳು ಹೇಳಿದರೆ ಯಾವ ದೋಷವೂ ಇಲ್ಲ. ಮೈಕು ಹಿಡಿದಾಗ ಏನು ಮಾಡಬೇಕೆಂದು ತೋಚದೆ ಅವಳು ಶಾಲೆಯಲ್ಲಿ ಮಕ್ಕಳ ಹಾಜರಿ ಕೂಗಿದಂತೆ ಕೂಗಿಬಿಟ್ಟಳು.

"ಹನುಮಂತ್ರಾಯ, ಬಾಗಲವಾಡ."

ಹೆಂಗಸರ ನಡುವಿನಿಂದ ಒಂದು ಸಣ್ಣ ದನಿ ಬಂತು. "ಗೈರು."

ಮುಂದಿನ ಹೆಸರಿಗೆ ನಾಲ್ಕಾರು ದನಿಗಳು. ಅದರ ಮುಂದಿನದಕ್ಕೆ ಇಡೀ ಪೆಂಡಾಲು. "ಗೈರು." ಕಚೇರಿಯ ಗುಮಾಸ್ತರು ಕಿಟಕಿಗೆ ಬಂದು ನಿಂತರು, ಬಸ್ಸಿಗೆ ಹೊರಟವರು ನಿಂತು ಕೇಳಿದರು, ಮರುದಿನ ಪೇಪರಿನಲ್ಲಿ ಫೋಟೊ ಬಂತು. ಅಂದಿನಿಂದ ಹಾಜರಿಯಿಲ್ಲದೆ ಸಂಘದ ಧರಣಿಯೇ ಇಲ್ಲ ಎಂಬಂತಾಯಿತು. ಯಾಪಲದಿನ್ನಿಯಿಂದ ದೇವದುರ್ಗದವರೆಗೆ ಎಲ್ಲಿ ಸಾವಾದರೂ ಹೆಸರೊಂದು ಅವಳಿಗೆ ಬಂದು ಸೇರುತ್ತಿತ್ತು. ಚೀಟಿ ಬೇಕಿರಲಿಲ್ಲ, ಎಲ್ಲ ಬಾಯಿಪಾಠ. ಕೊನೆಯ ಸಾಲಿನ ಹುಡುಗಿಗೆ ಹೀಗೆ ಒಂದು ಜಾಗ ಸಿಕ್ಕಿತು. ಆ ಜಾಗದ ಆಸೆ ತನಗಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಒಂದು ಧರಣಿಯ ದಿನ ಪೆಂಡಾಲು "ಗೈರು" ಅಂದ ಮೇಲೆ ಅದರ ಹಿಂದೆಯೇ, ಮೆಲ್ಲಗೆ, ಸ್ವಲ್ಪ ತಡವಾಗಿ, ಇನ್ನೊಂದು ಉತ್ತರ ಬಂತು. "ಹಾಜರ್." ಯಾರೋ ಕಿಡಿಗೇಡಿ ಅಂದುಕೊಂಡಳು. ಮುಂದಿನ ಹೆಸರಿಗೂ ಬಂತು. ಅವಳ ತಮ್ಮನ ಹೆಸರಿಗೆ ಬಂದಾಗ ಅದು ಅವನದೇ ದನಿ. ತರಗತಿಯಲ್ಲಿ ತಡವಾಗಿ ಬಂದವನು ಬಾಗಿಲಲ್ಲಿ ನಿಂತು ಹೇಳುವ ಹಾಗೆ.

ಸಂಘದವರು ಅಂಗಡಿಗಳಲ್ಲಿ ಹಿಡಿದ ಪಾಕೀಟುಗಳನ್ನು, ಅಬಕಾರಿ ಸಾಹೇಬರು ಬಂದು ಪಂಚನಾಮೆ ಮಾಡುವ ತನಕ ಮಾನ್ವಿಯ ಸಂಘದ ಕೋಣೆಯಲ್ಲಿ ರಟ್ಟಿನ ಡಬ್ಬಿಗಳಲ್ಲಿ ಇಡುತ್ತಿದ್ದರು. ಸಾಕ್ಷಿ ಅದು, ಚೆಲ್ಲುವಂತಿಲ್ಲ. ಬೀಗದ ಕೈಯನ್ನು ಎಲ್ಲರಿಗಿಂತ ನಂಬಿಕಸ್ಥಳೆಂದು ಇವಳ ಕೈಗೆ ಕೊಟ್ಟಿದ್ದರು. ಮೌನೇಶ್ವರಿ ಮೊದಲ ಪಾಕೀಟಿನ ಮೂಲೆ ಹಲ್ಲಿನಿಂದ ಹರಿದಾಗ, ಇದನ್ನು ಕುಡಿದು ವಿನೋದನಿಗೆ ಏನು ಸಿಗುತ್ತಿತ್ತೋ ನೋಡೋಣ ಅಂತ ತನಗೆ ತಾನೇ ಹೇಳಿಕೊಂಡಳು. ಸಿಕ್ಕಿದ್ದು ನಿಶ್ಶಬ್ದ. ಬೇವಿನ ನೆರಳು ಬರೀ ನೆರಳಾಯಿತು. ಆ ನಿಶ್ಶಬ್ದಕ್ಕಾಗಿ ಅವಳು ಎಷ್ಟೋ ಮಧ್ಯಾಹ್ನ ಆ ಕೋಣೆಗೆ ಹೋದಳು. ಖಾಲಿ ಪಾಕೀಟುಗಳನ್ನು ಡಬ್ಬಿಯ ತಳಕ್ಕೆ ಸೇರಿಸಿ, ತುಂಬಿದವನ್ನು ಮೇಲೆ ಜೋಡಿಸಿದಳು. ಸಂಜೆ ಏಲಕ್ಕಿ ಅಗಿದು ಸಭೆಗೆ ಹೋಗಿ, ಸಾರಾಯಿ ಹೇಗೆ ಮನೆ ಮುರಿಯುತ್ತದೆ ಎಂದು ಹೆಂಗಸರಿಗೆ ಹೇಳಿದಳು. ಹೇಳುವಾಗ ದನಿ ನಡುಗುತ್ತಿತ್ತು. ಹೆಂಗಸರು ಅದು ದುಃಖ ಅಂದುಕೊಂಡರು.

ಡಬ್ಬಿಗಳ ನಡುವೆ ಬಿದ್ದಿದ್ದವಳನ್ನು ಕಂಡವಳು ಉಮಾದೇವಿ. ಅವಳು ಬೈಯಲಿಲ್ಲ, ಯಾರಿಗೂ ಹೇಳಲಿಲ್ಲ. ತಾನೇ ಟಂಟಂ ಆಟೊ ಮಾಡಿಸಿ ರಾಯಚೂರಿನ ವ್ಯಸನಮುಕ್ತಿ ಕೇಂದ್ರಕ್ಕೆ ಒಯ್ದು ಸೇರಿಸಿದಳು. ಮೌನೇಶ್ವರಿಗೆ ಕಾಮಣಿ, ಹಳದಿ ಕಾಮಾಲೆ, ಆಗಿದೆ ಎಂದು ಊರಿಗೆಲ್ಲ ಹೇಳಿದಳು. ಅವಳು ಸೊರಗಿ ತಿರುಗಿ ಬಂದಾಗ, ಬಾಗಲವಾಡದ ಬಂಡೆಮ್ಮ, ಆ ಮೊದಲ ಹಾಜರಿಯ ಹನುಮಂತ್ರಾಯನ ಹೆಂಡತಿ, ನೆಲನೆಲ್ಲಿ ಸೊಪ್ಪಿನ ರಸವನ್ನು ಬಾಟಲಿಯಲ್ಲಿ ತುಂಬಿಕೊಂಡು ನೋಡಲು ಬಂದಿದ್ದಳು. ಎಣ್ಣೆ ಮುಟ್ಟಬ್ಯಾಡ, ಉಪ್ಪು ಕಡಿಮೆ ತಿನ್ನು ಎಂದು ಎದುರಿಗೆ ಕೂತು ಕುಡಿಸಿದ್ದಳು. ಇಲ್ಲದ ಕಾಯಿಲೆಯ ಕಹಿ ಮದ್ದನ್ನು ಮೌನೇಶ್ವರಿ ಕಣ್ಣು ಮುಚ್ಚಿ ನುಂಗಿದಳು.

ಕುಡಿತ ಬಿಟ್ಟ ಮೇಲೆ ಬೇವಿನ ನೆರಳಿಗೆ ಮತ್ತೆ ಜನ ಬರತೊಡಗಿದರು.

ಆದರೂ ಅವಳು ದಿನ ದೂಡುತ್ತಿದ್ದಳು. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಳು, ಕೇಂದ್ರದಲ್ಲಿ ಹೇಳಿಕೊಟ್ಟಂತೆ ಬೆಳಿಗ್ಗೆ ನಡೆಯುತ್ತಿದ್ದಳು, ಮಧ್ಯಾಹ್ನ ಕಿಟಕಿಗೆ ಹಳೆಯ ಸೀರೆ ಕಟ್ಟಿ ಬೆನ್ನು ತಿರುಗಿಸಿ ಮಲಗುತ್ತಿದ್ದಳು. ಹಾಗಿರುವಾಗ ಒಂದು ದಿನ ಉಮಾದೇವಿ ಬಂದಳು. ಐವತ್ತು ದಾಟಿದ ಹೆಂಗಸು, ಸಕ್ಕರೆ ಕಾಯಿಲೆ, ಬಾತ ಪಾದಗಳಿಗೆ ಚಪ್ಪಲಿಯ ಪಟ್ಟಿ ಕಚ್ಚಿಕೊಂಡಿತ್ತು. ಕೂರು ಎಂದರೂ ಕೂರದೆ ಬಾಗಿಲಲ್ಲೇ ನಿಂತು ಮಾತಾಡಿದಳು. ಸೋಮವಾರ ದೇವದುರ್ಗದಲ್ಲಿ ಧರಣಿ. ಜಿಲ್ಲೆಯಿಂದ ದೊಡ್ಡ ಸಾಹೇಬರು ಮನವಿ ತಗೊಳ್ಳಲು ಬರುತ್ತಾರೆ.

"ಹಾಜರಿ ನೀನ ಕೂಗಬೇಕು," ಎಂದಳು.

ಮೌನೇಶ್ವರಿ ಈ ಸಲ ಬೇರೆ ಯಾರಾದರೂ ಕೂಗಲಿ ಎಂದು ಹೇಳಿನೋಡಿದಳು.

"ಬ್ಯಾರೆ ಯಾರಿಗೆ ಬಾಯಿಪಾಠ ಅದ? ನೀ ಇಲ್ದಾಗ ಎಲ್ಲಾರೂ ಸುಮ್ಮ ನಿಂತು ಬಂದ್ವಿ. ಸುಮ್ಮ ನಿಂತದ್ದು ಯಾವ ಪೇಪರದಾಗ ಬರತದ? ನಿನಗ ಬ್ಯಾನಿ ಅದ, ಖರೇ. ನನಗಿಲ್ಲೇನು? ನಾನೇನ ಹಾಸಿಗಿ ಹಿಡಿದು ಕುಂತೀನೇನ?"

ಮೌನೇಶ್ವರಿ ಆ ಪಾದಗಳನ್ನು ನೋಡಿದಳು. ಕಾಮಣಿಯ ಸುಳ್ಳನ್ನು ಈ ಹೆಂಗಸು ತನಗಾಗಿ ಎಷ್ಟು ಊರುಗಳಲ್ಲಿ ಹೊತ್ತು ತಿರುಗಿದ್ದಾಳೆ. ಉಮಾದೇವಿ ಆ ಮಾತನ್ನು ಎತ್ತಲಿಲ್ಲ. ಎತ್ತದಿದ್ದುದೇ ಭಾರವಾಗಿ, ಮೌನೇಶ್ವರಿ ಆಗಲಿ ಎಂದಳು.

ಮರುದಿನ ಉಪ್ಪು ತರಲು ಹೊರಟವಳು ಎಲ್ಲೋ ಯೋಚಿಸುತ್ತ, ಎಚ್ಚರವಾಗುವಷ್ಟರಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ನಿಂತಿದ್ದಳು. ಒಂದು ಕಾಲಕ್ಕೆ ಅವಳೇ ಮುಂದೆ ನಿಂತು ಹಿಡಿಸಿದ್ದ ಅಂಗಡಿ ಅದು. ಅಂಗಡಿಯವನು ಅವಳನ್ನು ಕಂಡು ಬೆದರಿ, ಇಲ್ಲಿ ಏನೂ ಇಲ್ಲ ಮೇಡಂ, ದೇವರಾಣೆ, ಎಂದು ಕೈಮುಗಿದ. ಅವನ ಭಯ ಅವಳನ್ನು ಉಳಿಸಿತು. ಅವನೇನಾದರೂ ಏನು ಬೇಕು ಎಂದು ಕೇಳಿದ್ದರೆ ಅವಳ ಬಾಯಿಂದ ಏನು ಬರುತ್ತಿತ್ತೋ ಅವಳಿಗೇ ಗೊತ್ತಿರಲಿಲ್ಲ. ಅಲ್ಲಿಂದ ಸೀದಾ ರಾಯಚೂರಿನ ಬಸ್ಸು ಹತ್ತಿದಳು.

ಕೇಂದ್ರದ ರಜಿಯಾ ಬೇಗಂ ಸಮಾಲೋಚಕಿ. ಆಗಷ್ಟೇ ಟಿಫಿನ್ ಡಬ್ಬಿ ಬಿಚ್ಚಿದ್ದವಳು ಇವಳ ಮುಖ ನೋಡಿ ಮೊದಲು ಒಂದು ತಟ್ಟೆ ಮಂಡಕ್ಕಿ ವಗ್ಗರಣಿ ತರಿಸಿದಳು. ಉಣ್ಣುವ ತನಕ ಒಂದು ಮಾತೂ ಕೇಳಲಿಲ್ಲ. ಉಂಡಾದ ಮೇಲೆ ಮೌನೇಶ್ವರಿ, ಕೇಂದ್ರದಲ್ಲಿ ಇದ್ದಷ್ಟು ದಿನವೂ ಹೇಳದಿದ್ದುದನ್ನು ಹೇಳಿದಳು. ಬೇವಿನ ನೆರಳು, ತಲೆವಸ್ತ್ರದ ಗಂಡಸರು, ಹಾಜರ್ ಎನ್ನುವ ದನಿ, ಈಗ ಬಂದ ದೇವದುರ್ಗದ ಕರೆ. ಹೇಳುತ್ತಿದ್ದಂತೆ ತನಗೆ ಹುಚ್ಚು ಹಿಡಿದಿದೆ ಎಂದು ಇವರು ಬರೆದುಕೊಳ್ಳುತ್ತಾರೆ ಅನ್ನಿಸಿ ದನಿ ಇಳಿಯಿತು.

ರಜಿಯಾ ಬೇಗಂ ಏನೂ ಬರೆದುಕೊಳ್ಳಲಿಲ್ಲ. ಕುಡಿತ ಬಿಟ್ಟವರಿಗೆ ಮೊದಮೊದಲು ಏನೇನೋ ಕಾಣುವುದುಂಟು, ಆದರೆ ನಿಮಗೆ ಕುಡಿಯುವ ಮೊದಲೇ ಕೇಳಿದೆಯಲ್ಲ, ದೊಡ್ಡ ಡಾಕ್ಟರರಿಗೂ ಒಮ್ಮೆ ತೋರಿಸೋಣ ಎಂದಳು. ಆಮೇಲೆ ಡಬ್ಬಿಯ ಮುಚ್ಚಳ ಹಾಕುತ್ತ ಕೇಳಿದಳು.

"ಇಷ್ಟು ಮಂದಿ ನಿಮ್ಮೊಬ್ಬರ ಕಡೀಗೇ ಯಾಕ ಬರ್ತಾರ್ರೀ? ಅವರಿಗೆ ಮನಿಮಂದಿ ಇಲ್ಲೇನು?"

ದೇವದುರ್ಗಕ್ಕೆ ಹೋಗಬೇಡಿ ಎಂದು ಹೇಳುತ್ತಾರೆ ಅಂದುಕೊಂಡಿದ್ದಳು ಮೌನೇಶ್ವರಿ, ಹಾಗೆ ಹೇಳಲಿ ಎಂದೂ ಆಸೆಪಟ್ಟಿದ್ದಳು. ರಜಿಯಾ ಬೇಗಂ ಅದನ್ನು ಇವಳಿಗೇ ಬಿಟ್ಟಳು. ಹೋಗುವುದಾದರೆ ಹಸಿದು ಹೋಗಬೇಡಿ, ದಣಿದು ಹೋಗಬೇಡಿ ಎಂದಷ್ಟೇ ಹೇಳಿ, ಬಾಗಿಲ ತನಕ ಬಂದಳು.

"ಮತ್ತ ಸುಳ್ಳು ಹೊತ್ತುಕೊಂಡು ಹೋಗಬ್ಯಾಡ್ರಿ. ಆ ಪೆಂಡಾಲಿನಾಗ ಒಬ್ಬರಿಗರ ಖರೇ ಗೊತ್ತಿರಲಿ. ಒಬ್ಬರ ಸಾಕು."

ಸೋಮವಾರ ದೇವದುರ್ಗದ ಬಸ್ಸಿನಲ್ಲಿ ಬಂಡೆಮ್ಮ ಸಿಕ್ಕಳು. ಮಾನ್ವಿಯ ಮಗಳ ಮನೆಗೆ ಬಂದವಳು ಅಲ್ಲಿಂದಲೇ ಧರಣಿಗೆ ಹೊರಟಿದ್ದಳು. ಕಂಡಕ್ಟರನಿಗೆ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಚೀಟಿ ಇಸಿದುಕೊಂಡು, ಕಿಟಕಿಯ ಪಕ್ಕದ ಸೀಟಿಗಾಗಿ ಒಬ್ಬ ಹುಡುಗನನ್ನು ಗದರಿಸಿ ಎಬ್ಬಿಸಿ, ಮೌನೇಶ್ವರಿಯನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಕುರುಬರ ಮನೆಯ ಮುದುಕಿ, ಮಾತಿಗೆ ಬರವಿಲ್ಲ. ಮಗಳ ಅತ್ತೆಯ ಜಿಪುಣತನವನ್ನು ಹೇಳುತ್ತ, ಮಡಿಲಿನಲ್ಲಿ ಶೇಂಗಾ ಸುಲಿಯುತ್ತ, ಸುಲಿದಿದ್ದನ್ನು ಇವಳ ಕೈಗೆ ಹಾಕುತ್ತ ಇದ್ದಳು. ಇವಳ ಗಂಡನ ಹೆಸರನ್ನು ತಾನು ಎಷ್ಟು ಊರುಗಳಲ್ಲಿ ಕೂಗಿದ್ದೇನೆ ಎಂದು ಮೌನೇಶ್ವರಿ ಯೋಚಿಸಿದಳು. ಹೇಳುವುದಾದರೆ ಇವಳಿಗೇ ಹೇಳಬೇಕು. ಹೇಳಬಾರದಾದರೂ ಇವಳಿಗೇ.

"ಯವ್ವಾ, ನನಗ ಕಾಮಣಿ ಆಗಿದ್ದಿಲ್ಲ."

"ಮತ್ತ?"

"ಕುಡೀತಿದ್ನಿ. ನಾವು ಹಿಡಿದ ಪಾಕೀಟ."

ಸುಲಿಯುತ್ತಿದ್ದ ಬೆರಳುಗಳು ನಿಂತವು. ಬಂಡೆಮ್ಮ ಕಿಟಕಿಯ ಕಡೆ ತಿರುಗಿದಳು. ಮಡಿಲಿನ ಗಂಟನ್ನು ಎತ್ತಿ ಇಬ್ಬರ ನಡುವೆ ಇಟ್ಟಳು. ಸಿರವಾರ ಬಂತು, ಜನ ಇಳಿದರು, ಹತ್ತಿದರು, ಬಸ್ಸು ಮತ್ತೆ ಹೊರಟಿತು. ಭತ್ತ ಕೊಯ್ದ ಗದ್ದೆಗಳ ಕೂಳೆ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದುಬಿಡಬೇಕು ಎಂದು ಮೌನೇಶ್ವರಿ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಳು.

"ಹಂಗಾರ ಆ ಸೊಪ್ಪಿನ ರಸ ಸುಮ್ಮ ಕುಡಿದಿ," ಎಂದಳು ಬಂಡೆಮ್ಮ, ಕಿಟಕಿಯಿಂದ ಮುಖ ತಿರುಗಿಸದೆ. "ಬದುವಿನ ತುಂಬ ಬಗ್ಗಿ ಬಗ್ಗಿ ಹುಡುಕೀನಿ. ನಡ ಬಿದ್ದು ಹೋತು ನಂದು."

"ತಪ್ಪಾತು ಯವ್ವಾ."

"ಕಹಿ ಇತ್ತೇನ?"

"ಭಾಳ."

"ಬೇಶಾತು."

ಆಮೇಲೆ ಯಾರಿಗೂ ಅಲ್ಲ ಎಂಬಂತೆ ಮಾತಾಡಿದಳು. "ನಮ್ಮ ಮನಿಯಾವನೂ ಒಮ್ಮೆ ಬಿಟ್ಟಿದ್ದ. ಜ್ವಾಳದ ರಾಶಿ ಮುಗಿಯೂತನ ಮುಟ್ಟಲಿಲ್ಲ. ನಾನು ದಿನಾ ಸಂಜಿಗಿ ಅವನ ಬಾಯಿ ಮೂಸಿ ನೋಡ್ತಿದ್ನಿ. ಮೂಸಿದ್ದಷ್ಟ. ಹೆಂಗದಿ ಅಂತ ಒಂದಿನಾ ಕೇಳಲಿಲ್ಲ."

ನಡುವಿನ ಗಂಟು ಅಲ್ಲಿಯೇ ಇತ್ತು. ಆದರೆ ಶೇಂಗಾ ಮತ್ತೆ ಇವಳ ಕೈಗೆ ಬರತೊಡಗಿತು. ಮೌನೇಶ್ವರಿಗೆ ಉಳಿದುದನ್ನೂ ಹೇಳುವ ಧೈರ್ಯ ಬಂತು. ಹನುಮಂತ್ರಾಯನೂ ಬರುತ್ತಾನೆ, ಹೆಗಲ ಮೇಲೆ ಕಂಬಳಿ ಇರುತ್ತದೆ, ಮುಖ ಕಾಣುವುದಿಲ್ಲ ಎಂದಳು.

"ಏನಂತಾನ?"

"ಹಾಜರ್ ಅಂತಾನ."

ಬಂಡೆಮ್ಮನ ಮುಖ ಕೆಂಪೇರಿತು. ಅದು ಭಯವಲ್ಲ, ಸಿಟ್ಟು. "ಒಂದಿನಾ ಹೊತ್ತಿಗಿ ಸರಿಯಾಗಿ ಮನಿಗಿ ಬಂದಾವಲ್ಲ ಅಂವ. ರೊಟ್ಟಿ ಮುಚ್ಚಿಟ್ಟು ಮುಚ್ಚಿಟ್ಟು ನನ್ನ ಜಲ್ಮ ಹೋತು. ನಿನ್ನ ಹತ್ರ ಹಾಜರ್ ಅಂತಾನೇನ?" ಶೇಂಗಾ ಸಿಪ್ಪೆಯನ್ನು ಕಿಟಕಿಯಿಂದಾಚೆ ಬೀಸಿ ಒಗೆದಳು. "ನೀ ಕರೀಬ್ಯಾಡ ಇನ್ನ. ನನ್ನ ಗಂಡ ಅಂವ."

ದೇವದುರ್ಗದಲ್ಲಿ ತಾಲೂಕು ಕಚೇರಿಯ ಮುಂದೆ ಪೆಂಡಾಲು ಹಾಕಿತ್ತು. ಊರೂರಿನ ಹೆಂಗಸರು ಬುತ್ತಿ ಕಟ್ಟಿಕೊಂಡು ಬಂದಿದ್ದರು. ಉಮಾದೇವಿ ಒಂದು ಕಡೆ ನಿಲ್ಲದೆ ಓಡಾಡುತ್ತಿದ್ದಳು. ಮೈಕಿನವನನ್ನು ಬೈದು, ಪೊಲೀಸರ ಜೊತೆ ಮಾತಾಡಿ, ಪೇಪರಿನವರಿಗೆ ನೀರು ಕೊಡಿಸಿ, ಬಿಸಿಲು ನೆತ್ತಿಗೆ ಬಂದ ಹೊತ್ತಿಗೆ ಸಾಹೇಬರ ಜೀಪು ಬಂದಾಗ, ಮೌನೇಶ್ವರಿಯ ಕೈಗೆ ಮೈಕು ತುರುಕಿದಳು.

ಮೌನೇಶ್ವರಿ ಎದ್ದು ನಿಂತಳು. ಪೆಂಡಾಲಿನ ಆಚೆ, ಕಚೇರಿಯ ಕಾಂಪೌಂಡಿನ ಗೋಡೆಯ ನೆರಳಿನಲ್ಲಿ ಅವರು ಆಗಲೇ ಬಂದು ಕೂತಿದ್ದರು.

"ವಿನೋದ, ಮಾನ್ವಿ."

"ಗೈರು," ಎಂದಿತು ಪೆಂಡಾಲು.

ಹಾಜರ್ ಎಂದ ಅವನು. ಮೆಲ್ಲಗೆ, ತಡವಾಗಿ.

ಅವನ ಹಿಂದೆ ಉಳಿದ ಹೆಸರುಗಳೆಲ್ಲ ಅವಳ ನಾಲಿಗೆಯ ತುದಿಗೆ ಬಂದು ಸಾಲು ನಿಂತವು. ಗೋಡೆಯ ನೆರಳಿನಲ್ಲಿ ತಲೆಗಳು ಮೇಲೆದ್ದವು. ಒಂದು ಹೆಸರು ಹೇಳಿದರೆ ಎಲ್ಲವನ್ನೂ ಹೇಳಬೇಕು, ಎಲ್ಲವನ್ನೂ ಹೇಳಿದರೆ ಇಂದು ಮಧ್ಯಾಹ್ನ ಅವರೆಲ್ಲ ತನ್ನ ಜೊತೆ ಬಸ್ಸು ಹತ್ತುತ್ತಾರೆ, ಮಾನ್ವಿಯಲ್ಲಿ ಇಳಿದು ತಾನು ಮನೆಗೆ ಹೋಗುವುದಿಲ್ಲ, ಆ ಸಂದಿಗೇ ಹೋಗುತ್ತೇನೆ. ಇದು ಅವಳಿಗೆ ಹೊಟ್ಟೆಯಲ್ಲಿ ಹಸಿವು ತಿಳಿದಂತೆ ಸ್ಪಷ್ಟವಾಗಿ ತಿಳಿಯಿತು. ಬಾಯಿ ಒಣಗಿತು. ಉಮಾದೇವಿ ಮುಂದೆ ಹೇಳು ಎಂದು ಕೈ ಮಾಡಿದಳು.

"ಇವ ನನ್ನ ತಮ್ಮ," ಎಂದಳು ಮೌನೇಶ್ವರಿ. ಮೈಕಿನಲ್ಲಿ ಅವಳ ಉಸಿರು ದೊಡ್ಡದಾಗಿ ಕೇಳಿತು. "ಉಳಿದವರು ನನ್ನವರಲ್ಲ. ಇವರನ್ನ ಹೊತ್ತುಕೊಳ್ಳಾಕ ನನಗ ಆಗವಲ್ದು. ನಿಮ್ಮವರನ್ನ ನೀವ ಕರೀರಿ."

ಮೈಕನ್ನು ಚಾಪೆಯ ಮೇಲಿಟ್ಟು ಕೂತುಬಿಟ್ಟಳು. ಮೈಕು ಕಿರ್ರೆಂದು ಕೂಗಿ ಸುಮ್ಮನಾಯಿತು. ಸಾಹೇಬರು ಗಡಿಯಾರ ನೋಡಿಕೊಂಡರು. ಉಮಾದೇವಿಯ ಮುಖ ಕಪ್ಪಿಟ್ಟಿತು. ಮೌನೇಶ್ವರಿ ತಲೆ ಎತ್ತಲಿಲ್ಲ. ತನ್ನ ಜಾಗ ಹೋಯಿತು ಅಂದುಕೊಂಡಳು, ಇಷ್ಟು ವರ್ಷದ ಕೆಲಸವನ್ನು ಒಂದು ಉಸಿರಿನಲ್ಲಿ ಮಣ್ಣುಪಾಲು ಮಾಡಿದೆ ಅಂದುಕೊಂಡಳು.

ಬಂಡೆಮ್ಮ ಮೊಣಕಾಲಿಗೆ ಕೈಕೊಟ್ಟು ಎದ್ದಳು. ಮೈಕನ್ನು ಎತ್ತಿ ಅದರ ತಲೆಯನ್ನು ಸೆರಗಿನಿಂದ ಒರೆಸಿದಳು.

"ನಮ್ಮ ಮನಿಯಾವ..." ಎಂದಳು. ನಿಂತಳು. "ನನ್ನ ಹಿರೇ ಮಗಳ ಅಪ್ಪ..."

ಹಿಂದಿನಿಂದ ಯಾರೋ, ಹೆಸರೇನು ಬೇ, ಹೆಸರು ಹೇಳು, ಎಂದು ಛೇಡಿಸಿದರು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಮದುವೆ ಮನೆಗಳಲ್ಲಿ ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು ಗಂಡನ ಹೆಸರು ಹೇಳಿಸುವಾಗ ಹೀಗೆಯೇ ನಗುತ್ತಾರೆ. ಬರಿ ಹೆಸರು ಹೇಳುವಂತಿಲ್ಲ, ಒಡಪು ಕಟ್ಟಿ ಅದರ ಕೊನೆಗೆ ಹೆಸರಿಟ್ಟು ಹೇಳಬೇಕು. ಗಂಡ ಸತ್ತವರನ್ನು ಮಾತ್ರ ಯಾರೂ ಕೇಳುವುದಿಲ್ಲ, ಅವರು ಆ ಹೊಸ್ತಿಲ ಹತ್ತಿರವೇ ಬರುವುದಿಲ್ಲ. ಬಂಡೆಮ್ಮ ಕಣ್ಣು ಮುಚ್ಚಿದಳು. ತುಟಿಗಳು ಏನನ್ನೋ ಜೋಡಿಸುತ್ತಿದ್ದವು. ಆಮೇಲೆ ಸೊಸೆಯರು ಹೇಳುವ ಅದೇ ರಾಗದಲ್ಲಿ, ಒಡೆದ ದನಿಯಲ್ಲಿ ಹೇಳಿದಳು.

"ಕುರಿ ಹಿಂದ ಹೊಂಟಾಗ ಕೋಲಿತ್ತು ಕೈಯಾಗ,
ಕುಣಿಯಾಗ ಇಡುವಾಗ ಪಾಕೀಟಿತ್ತು ಕಿಸೆಯಾಗ,
ಹನುಮಂತ್ರಾಯ."

ನಗು ನಿಂತಿತ್ತು. ಗೈರು ಎನ್ನುವುದನ್ನು ಪೆಂಡಾಲು ಮರೆಯಿತು. ಮೌನೇಶ್ವರಿ ಕಿವಿಗೊಟ್ಟು ಕಾದಳು. ಅವಳಿಗೆ ಏನೂ ಕೇಳಲಿಲ್ಲ. ಆದರೆ ಬಂಡೆಮ್ಮ ಮಾತ್ರ, ಹಿಂದಿನಿಂದ ಯಾರೋ ಕರೆದಂತೆ, ಗೋಡೆಯ ನೆರಳಿನ ಕಡೆ ಸರಕ್ಕನೆ ತಿರುಗಿ ನೋಡಿದಳು. ನೋಡಿ, ಮೈಕನ್ನು ಪಕ್ಕದವಳ ಕೈಗೆ ಕೊಟ್ಟು, ಕೂತು, ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ಎಲ್ಲರೂ ಹೇಳಿದರು ಎಂದೇನಿಲ್ಲ. ಕೆಲವರು ಒಡಪು ಕಟ್ಟಿದರು, ಕೆಲವರು ಬರಿ ಹೆಸರನ್ನು ಉಗುಳಿದಂತೆ ಹೇಳಿ ಕೂತರು. ಮೈಕು ಹಿಡಿದು ಅತ್ತು ಹಾಗೆಯೇ ಮುಂದಕ್ಕೆ ಕೊಟ್ಟವರೇ ಹೆಚ್ಚು. ಸಿರವಾರದ ಮುಸರ್ರತ್ ಎಷ್ಟು ಹೊತ್ತು ನಿಂತರೂ "ರಿಹಾನನ ಅಬ್ಬಾ" ಎಂಬುದರಿಂದ ಮುಂದೆ ಹೋಗಲಿಲ್ಲ. ಅವನ ಹೆಸರು ಖಾಜಾಮಿಯಾ ಎಂದು ಮೌನೇಶ್ವರಿಗೆ ಗೊತ್ತಿತ್ತು. ಹೇಳಲಿಲ್ಲ. ಇದೆಲ್ಲ ಮುಗಿಯುವಷ್ಟರಲ್ಲಿ ಪೇಪರಿನವರು ಎದ್ದುಹೋಗಿದ್ದರು. ಸಾಹೇಬರು ಮನವಿ ತಗೊಂಡು, ಪರಿಶೀಲಿಸುತ್ತೇವೆ ಎಂದು ಎಂದಿನಂತೆ ಹೇಳಿ ಜೀಪು ಹತ್ತಿದರು.

ಹೆಂಗಸರು ನೀರು ಕುಡಿಯಲು, ಬುತ್ತಿ ಬಿಚ್ಚಲು ಚೆದುರಿದರು. ಉಮಾದೇವಿ ಮೌನೇಶ್ವರಿಯನ್ನು ಕಚೇರಿಯ ಪಕ್ಕದ ಕಟ್ಟೆಯ ಹತ್ತಿರ ಕರೆದೊಯ್ದಳು. ಮೊದಲೇ ಒಂದು ಮಾತು ಹೇಳಿದ್ದರೆ ಬೇರೆ ವ್ಯವಸ್ಥೆ ಮಾಡುತ್ತಿದ್ದೆ, ಸಾಹೇಬರ ಮುಂದೆ ಮಾನ ಹೋಯಿತು, ಮುಂದಿನ ತಿಂಗಳು ರಾಯಚೂರಿನ ಧರಣಿಗೆ ಏನು ಮಾಡುವುದು ಎಂದು ಒಂದೇ ಸಮನೆ ಬೈದಳು. ಮೌನೇಶ್ವರಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, ಇನ್ನು ಮುಂದೆ ಹಾಜರಿ ತಾನು ಕೂಗುವುದಿಲ್ಲ, ಚಾಪೆ ಹಾಸುತ್ತೇನೆ, ನೀರು ತುಂಬುತ್ತೇನೆ, ಆರಾಮ ಇಲ್ಲದ ದಿನ ಬರುವುದೂ ಇಲ್ಲ ಎಂದಳು. ಯಾಕೆ ಎಂದು ಕೇಳಿದ್ದಕ್ಕೆ, ಕರೆದರೆ ಅವರು ಓಗೊಡುತ್ತಾರೆ, ಅದಕ್ಕೇ ಕುಡಿದದ್ದು ಎಂದು ಹೇಳಿಬಿಟ್ಟಳು.

ಉಮಾದೇವಿಯ ಬೈಗುಳ ನಿಂತಿತು. ಅವಳು ಗಾಬರಿಯಾಗಲಿಲ್ಲ, ನಗಲಿಲ್ಲ. ಕಟ್ಟೆಯ ಅಂಚನ್ನು ಕೈಯಿಂದ ತಡವಿ ಹಿಡಿದುಕೊಂಡಳು.

"ನಿನಗೂ ಕೇಳ್ತದೇನ?"

ಮೌನೇಶ್ವರಿ ಅವಳ ತೋಳು ಹಿಡಿದಳು. "ಅಕ್ಕಾ, ನಿನಗ ಯಾವಾಗಿಂದ?"

"ನೀ ಹಾಜರಿ ಸುರು ಮಾಡೂಕಿಂತ ಮೊದಲಿಂದ. ನಿನಗ ಬರೀ ಹೆಸರ ಗೊತ್ತು. ಸತ್ತವರ ಮನಿಗಿ ಮೊದಲ ಹೋಗಿ, ಮುಖದ ಮ್ಯಾಲಿನ ಬಟ್ಟಿ ತಗದು ನೋಡಾಕಿ ನಾನು." ಉಮಾದೇವಿ ಕಟ್ಟೆಯ ಕಡೆ ನೋಡಿದಳು. "ಕುಂತ್ರ ಬರ್ತಾರ. ಅದಕ್ಕ ನಾ ಎಲ್ಲೂ ಕುಂದ್ರಂಗಿಲ್ಲ."

ಇಷ್ಟು ವರ್ಷ ಈ ಹೆಂಗಸು ಯಾರ ಮನೆಯಲ್ಲೂ ಕೂರದೆ ಬಾಗಿಲಲ್ಲೇ ನಿಂತು ಮಾತಾಡಿದ್ದನ್ನು, ಬಸ್ಸಿನಲ್ಲಿ ಸೀಟಿದ್ದರೂ ಕಂಬಿ ಹಿಡಿದು ನಿಂತಿದ್ದನ್ನು ಎಲ್ಲರೂ ಹುರುಪು ಎಂದು ಹೊಗಳಿದ್ದರು. ತಾನೂ ಹೊಗಳಿದ್ದೆ. ಮೌನೇಶ್ವರಿ ಕೆಳಗೆ ನೋಡಿದಳು. ಚಪ್ಪಲಿಯ ಪಟ್ಟಿ ಬಾತ ಪಾದವನ್ನು ಕೊಯ್ದು ರಕ್ತ ಒಣಗಿತ್ತು. ಅವಳು ಬಗ್ಗಿ, ಒಂದೊಂದಾಗಿ ಎರಡೂ ಚಪ್ಪಲಿಗಳನ್ನು ಬಿಚ್ಚಿದಳು. ಉಮಾದೇವಿ ಬೇಡ ಎನ್ನಲಿಲ್ಲ.

"ಕುಂದ್ರು ಅಕ್ಕಾ. ನಾ ಇರ್ತೀನಿ."

ಉಮಾದೇವಿ ಬಹಳ ಹೊತ್ತು ನಿಂತೇ ಇದ್ದಳು. ಆಮೇಲೆ, ಆಳ ತಿಳಿಯದ ನೀರಿಗೆ ಇಳಿಯುವವಳಂತೆ, ಮೆಲ್ಲಗೆ ಕಟ್ಟೆಯ ಮೇಲೆ ಕೂತಳು. ಕಣ್ಣು ಗೋಡೆಯ ನೆರಳಿನ ಕಡೆ ಹೋಯಿತು. ಅವಳ ಉಸಿರು ಸಣ್ಣದಾಯಿತು.

"ಬಂದಾರೇನ?" ಎಂದು ಕೇಳಿದಳು ಮೌನೇಶ್ವರಿ.

"ಬರಾಕತ್ತಾರ."

ಮೌನೇಶ್ವರಿ ತನ್ನ ಬುತ್ತಿ ಬಿಚ್ಚಿದಳು. ರೊಟ್ಟಿ ಮುರಿದು, ಮೇಲೆ ಪುಂಡಿಪಲ್ಯ ಇಟ್ಟು, ಮೊದಲು ಅವಳ ಕೈಗೆ ಕೊಟ್ಟಳು. ಬಾಯಿ ಇನ್ನೂ ಒಣಗಿಯೇ ಇತ್ತು, ಆ ಸಂದಿಯ ನೆನಪು ಹೋಗಿರಲಿಲ್ಲ. ಆದರೆ ಬಸ್ಸಿಗೆ ಇನ್ನೂ ಹೊತ್ತಿತ್ತು, ಕೈಯಲ್ಲಿ ರೊಟ್ಟಿಯಿತ್ತು. ಇಬ್ಬರೂ ಉಂಡರು. ಅವರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಉಳಿದಿತ್ತು. ಅದನ್ನು ತುಂಬಲು ಇಬ್ಬರೂ ಸರಿಯಲಿಲ್ಲ, ಎದ್ದು ಹೋಗಲೂ ಇಲ್ಲ.